ಒಳಗಿದ್ದ ಬಾಡಿಗೆದಾರ

ಹೊನ್ನಾವರ ಪೇಟೆಯ ಆ ಕಟ್ಟಡದ ಮುಂದೆ ನಿಂತ ಕೂಡಲೇ ಜಯಂತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕುಮಟಾ ಮಾರ್ಕೆಟ್ಟಿನಲ್ಲಿ ಪ್ರಾಯವೆಲ್ಲ ಮೀನು ಮಾರಿ ಕಳೆದವಳು, ಬಸ್ಸಿನಲ್ಲಿ ತನ್ನ ಬುಟ್ಟಿ ಕಂಡು ಸರಿದು ಕೂತವರನ್ನು ಸಹಿಸಿಕೊಂಡವಳು, ತಾನೇ ಮೂಗು ಮುಚ್ಚಬೇಕಾದರೆ ಆ ನಾತ ಎಂಥದ್ದಿರಬೇಡ!

ಅವಳ ಮೊಣಕಾಲು ಸೋತಿತ್ತು. ಇನ್ನು ಒದ್ದೆ ನೆಲದ ಮೇಲೆ ನಿಲ್ಲುವುದು ಆಗದ ಮಾತು. ಕೂಡಿಟ್ಟದ್ದನ್ನೆಲ್ಲ ಒಂದು ಮಳಿಗೆಗೆ ಹಾಕಿ, ಬರುವ ಬಾಡಿಗೆಯಲ್ಲಿ ಕೂತು ಉಣ್ಣಬೇಕೆಂಬುದೇ ಆ ವಿಧವೆಯ ಆಸೆ. ಈ ಕಡೆ ರೈಲು ಬಂದು ಜಾಗದ ಬೆಲೆ ಏರಿದ ಮೇಲೆ ದಲ್ಲಾಳಿಯಾಗಿದ್ದ ಮೈದುನ ಶ್ರೀಧರ ಅವಳಿಗೆಂದು ಇದನ್ನು ಹುಡುಕಿದ್ದ. ಮೇಲೆ ಮಾಲೀಕ ದಿನಕರನ ಖಾನಾವಳಿ. ಕೆಳಗಿನ ಮಳಿಗೆ ಮಾರಾಟಕ್ಕಿತ್ತು.

ಮಳಿಗೆಯೊಳಗೆ ಮುದಿ ದರ್ಜಿ ಗಣಪ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದ. ಹೊಸ್ತಿಲ ಮುಂದೆ ಕಪ್ಪು ನೀರು ಮಡುಗಟ್ಟಿತ್ತು. ಅನ್ನದ ಅಗಳು, ಮೀನಿನ ಮುಳ್ಳು, ನಡುವೆ ಬಿಳಿ ಹುಳ. ಮಗಳ ಕೈ ಹಿಡಿದು ಬಂದ ತಾಯಿಯೊಬ್ಬಳು ದೂರದಿಂದಲೇ ತಿರುಗಿ ಹೋದಳು.

“ಎಂತದು ಮಾರಾಯಾ ಇದು?”

“ಮೋರಿ ಬಾಯಿಗೆ ಗೋಣಿ ತುರುಕಿದ್ದು, ಅತ್ತಿಗೆ,” ಶ್ರೀಧರ ನಕ್ಕ. “ದಿನಕರಣ್ಣನ ತಲೆ ನೋಡಿ!”

ಮೇಲೆ ಖಾನಾವಳಿಗೆ ಹತ್ತಿದಾಗ ದಿನಕರ ಚಾ ತರಿಸಿದ. “ಆ ದರ್ಜಿ ಹಳೇ ಬಾಡಿಗೆಯವ, ಬಾಯಲ್ಲಿ ಹೇಳಿದ್ರೆ ಏಳೂದಿಲ್ಲ. ಮಳೆ ಹಿಡಿಯೂದ್ರೊಳಗೆ ತಾನೇ ಓಡ್ತಾನೆ. ಆಮೇಲೆ ಮೊಬೈಲ್ ಅಂಗಡಿಯವ್ರು ದುಪ್ಪಟ್ಟು ಕೊಡ್ತಾರೆ ನಿಮ್ಗೆ.”

“ಬಾಕಿ ಇಟ್ಟಾನಾ?”

“ಅದೇ ರಗಳೆ. ಒಂದು ತಿಂಗ್ಳೂ ತಪ್ಪಿಸ್ಲಿಲ್ಲ.”

“ತಪ್ಪದೆ ಕೊಡೂ ಮನ್ಷನ್ನ ಓಡ್ಸಿ, ಕೊಡ್ತಾನೋ ಇಲ್ವೋ ಗೊತ್ತಿಲ್ಲದವನ ದಾರಿ ಕಾಯೂದಾ? ಬರೀ ಗೋಡೆ ಕಟ್ಕಂಡು ನಾ ಎಂತ ಮಾಡ್ಲಿ? ಅವ ಇರ್ಲಿ. ಮೋರಿ ಇವತ್ತೇ ಬಿಡ್ಸಿ, ನಾ ತಗೊಳ್ತೆ.”

“ಅವ ಒಳಗಿದ್ರೆ ನಾ ಹೇಳಿದ ರೇಟು ಕೊಡ್ತ್ರಾ?”

“ಇಲ್ಲ. ಅವ ಕೊಡೂ ಬಾಡಿಗೆಗೆ ತಕ್ಕ ರೇಟು ಕೊಡ್ತೆ.”

“ಹಂಗಾರೆ ಬೇರೆಯವ್ರಿದ್ದಾರೆ.”

ಶ್ರೀಧರ ಬನ್ಸ್ ಮುರಿದು ಚಾದಲ್ಲಿ ಅದ್ದಿದ. “ಅತ್ತಿಗೆ, ಮಳಿಗೆ ವ್ಯವಹಾರಕ್ಕೆ ಮನಸ್ಸು ಗಟ್ಟಿ ಬೇಕು. ಬಾಡಿಗೆಯವನ ಮುಖ ನೋಡೂಕಾಗೂದಿಲ್ಲ. ಮೀನು ಕೊಯ್ಯೂವಾಗ ನೀವು ಮೀನಿನ ಮುಖ ನೋಡ್ತ್ರಾ?”

ಇಬ್ಬರೂ ನಕ್ಕರು. ಆ ನೀರಿನ ನಾತ ಕಿಟಕಿಯಿಂದ ಒಳಗೇ ಬರುತ್ತಿತ್ತು; ಶ್ರೀಧರ ಅದರ ನಡುವೆಯೇ ಜಗಿಯುತ್ತಿದ್ದ, ತುಟಿಯಂಚಿನಿಂದ ಚಾ ಸೋರುತ್ತಿತ್ತು. ಜಯಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನಾ ಸತ್ತ ಮೀನು ಕೊಯ್ತೆ. ನೀವು ಬದುಕಿದ್ದ ಮನ್ಷನ್ನೇ ಕೊಳೆಸ್ತ್ರಲ್ಲ, ಥೂ!”

ಚಾ ಮುಟ್ಟದೆ ಎದ್ದು ಕೆಳಗಿಳಿದಳು. ಸೀರೆ ಎತ್ತಿ ಕಟ್ಟಿ ಮೋರಿಗೆ ಕೈ ಹಾಕಿದಳು. ಗೋಣಿ ಒಂದೇ ಎಳೆತಕ್ಕೆ ಬರಲಿಲ್ಲ. ಜಗ್ಗಿದಾಗ ಲೊಳಕ್ಕೆಂದು ಬಂತು. ನೀರು ಗುಡುಗುಡು ಇಳಿಯಿತು. ಹೊಲಿಗೆ ಬಿಟ್ಟು ಗಣಪ ತಂಬಿಗೆ ತಂದ.

“ಅಮ್ಮಾ, ನೀವ್ಯಾರು? ಕೈ ತೊಳಿರಿ.”

“ಈ ಮಳಿಗೆ ತಗೊಳ್ಳೂಕೆ ಬಂದವ್ಳು. ಇನ್ನು ತಗೊಳ್ಳೂದಿಲ್ಲ. ಮೇಲಿನವ್ರು ಮತ್ತೆ ಗೋಣಿ ತುರುಕಿದ್ರೆ ನೀನೇ ಎಳಿ, ಹೇಸಬೇಡ.”

ಮೆಟ್ಟಿಲ ಮೇಲೆ ಶ್ರೀಧರ ಕೂಗುತ್ತಿದ್ದ, “ಇಂಥ ಜಾಗ ಇನ್ನು ಸಿಕ್ಕೂದಿಲ್ಲ, ನೆನಪಿಟ್ಕಳ್ಳಿ!” ಸಿಕ್ಕಲಿಕ್ಕಿಲ್ಲವೆಂದು ಅವಳಿಗೂ ಗೊತ್ತಿತ್ತು. ಗೋಣಿಯನ್ನು ಅವನು ಇಳಿದು ಬರುವ ಮೆಟ್ಟಿಲ ಮೇಲೆ ಒಗೆದು, ಕುಂಟುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.