ಅಡಿಗೆ ಆಯ್ತು

ಶಂಕರಮ್ಮನಿಗೆ ತನ್ನ ದನಿಯ ಮೇಲೆ ಮೊದಲಿನಿಂದಲೂ ಅನುಮಾನ. ಚಿಕ್ಕಂದಿನಲ್ಲಿ ಅಜ್ಜಿ, "ಇವಳು ಬಾಯಿ ಬಿಟ್ಟರೆ ತೊಟ್ಟಿಲ ಕೂಸು ಎದ್ದು ಕೂರುತ್ತೆ" ಅನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಶಿವಮೊಗ್ಗದ ಆ ಮನೆಯಲ್ಲಿ ಮಾತಿಗೆ ಕೆಲಸವೇ ಉಳಿದಿರಲಿಲ್ಲ. ಹಾಗಾಗಿ ತಮ್ಮ ಚಂದ್ರಶೇಖರಪ್ಪ ಭದ್ರಾವತಿಯಿಂದ ಮುದಿ ನಾಯಿಯೊಂದನ್ನು ತಂದು ಬಿಟ್ಟಾಗ ಬೇಡ ಅನ್ನಲಿಲ್ಲ.

"ನಮ್ಮ ಕ್ವಾರ್ಟರ್ಸಿನ ಪೆರುಮಾಳ್ ರಿಟೈರಾಗಿ ಸೇಲಂಗೆ ಹೋದ. ಇದನ್ನ ಅಷ್ಟು ದೂರ ಒಯ್ಯೋಕಾಗಲ್ಲ ಅಂತ ಬಿಟ್ಟುಹೋದ. ಮಣಿ ಅಂತ ಹೆಸರು. ನಿನಗೂ ಒಂದು ಜೀವ ಜೊತೆಗಿರುತ್ತೆ ಅಕ್ಕ," ಅಂದಿದ್ದ.

ಮಣಿ ಬಂದದ್ದೇ ಮಂಚದ ಕೆಳಗೆ ಸೇರಿತು. ಹಿಂಗಾಲುಗಳು ನಡುಗುತ್ತಿದ್ದವು. ಶಂಕರಮ್ಮ ಗೋಣಿತಾಟು ಹಾಸಿದಳು, ಹರಳೆಣ್ಣೆ ಬೆಚ್ಚಗೆ ಮಾಡಿ ಕೀಲುಗಳಿಗೆ ನೀವಿದಳು. ಅಷ್ಟು ಹೊತ್ತೂ ಅದು ಕಣ್ಣು ಮುಚ್ಚಿ ಮಲಗಿತ್ತು. ಆದರೆ ಹಾಲನ್ನ ಕಲಸಿ ತಂದು, ಆದಷ್ಟೂ ಮೆಲ್ಲಗೆ, "ಬಾ ಮಣಿ, ಅಡಿಗೆ ಆಯ್ತು" ಅಂದರೆ ಸಾಕು, ಕಿವಿ ಮಡಚಿ ಗೋಡೆಗೆ ಒತ್ತಿಕೊಳ್ಳುತ್ತಿತ್ತು. ಕೂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಅನ್ನ ಹಾಗೇ ಒಣಗುತ್ತಿತ್ತು.

ದನದ ಡಾಕ್ಟರು ಮನೆಗೇ ಬಂದು ನೋಡಿದರು. "ವಯಸ್ಸಾಗಿದೆಯಮ್ಮ. ಆಸ್ಪತ್ರೆಗೆ ಎಳಕೊಂಡು ಬರಬೇಡಿ, ಅದೇ ಹಿಂಸೆ. ಆದರೆ ಹೊಟ್ಟೆಗೆ ಬೀಳದಿದ್ದರೆ ಉಳಿಯಲ್ಲ," ಅಂದರು.

ಮರುದಿನ ಬೆಳಗಿನ ರೈಲಿಗೇ ಶಂಕರಮ್ಮ ಭದ್ರಾವತಿಗೆ ಹೋದಳು.

"ವಾಪಸು ಕರಕೊಂಡು ಬಾ ಚಂದ್ರು. ನನ್ನ ದನಿ ಅದಕ್ಕೆ ಆಗಲ್ಲ. ಬಾ ಅಂದರೆ ಸಾಯುತ್ತೆ."

"ನಿನ್ನ ದನಿಗೆ ನಾವೆಲ್ಲ ಬದುಕಿಲ್ವೇನೆ ಮಾರಾಯ್ತಿ," ಅಂತ ಅವನು ನಗುವಷ್ಟರಲ್ಲಿ ಪಕ್ಕದ ಹಿತ್ತಲಿನಿಂದ ಕೂಗು ಕೇಳಿಸಿತು. ತಮಿಳು ಹೆಂಗಸೊಬ್ಬಳು ಮಗಳನ್ನು ಗದರುತ್ತಿದ್ದಳು: "ಅಡಿ ವಾಂಗುವೆ!" ಆ ಪುಟ್ಟ ಹುಡುಗಿ ಹೆಗಲು ಕುಗ್ಗಿಸಿ ಗೋಡೆಗೆ ಒತ್ತಿಕೊಂಡದ್ದು ಬೇಲಿಯ ಸಂದಿಯಲ್ಲಿ ಕಂಡಿತು.

ಶಂಕರಮ್ಮ ಅದನ್ನೇ ನೋಡುತ್ತ ನಿಂತಳು. "ಏನಂದಳು ಅವಳು?"

"ಏಟು ತಿಂತೀಯಾ ಅಂತ. ಅಡಿ ಅಂದ್ರೆ ಅವರಲ್ಲಿ ಹೊಡೆತ."

"ಪೆರುಮಾಳ್ ಹೊಡೀತಿದ್ನಾ?"

"ಛೆ, ಅವನು ದೇವರಂಥೋನು. ಮಗಂದು ಮಾತ್ರ ಕೈ ಮುಂದು."

ದಿನವೂ ತಟ್ಟೆ ಹಿಡಿದು, ಬಗ್ಗಿ, ಅಕ್ಕರೆಯಿಂದ ತಾನು ಹೊಡೆತದ ಮಾತೇ ಆಡಿದ್ದೆನಲ್ಲ ಅನ್ನುವುದು ಶಂಕರಮ್ಮನನ್ನು ದಾರಿಯುದ್ದಕ್ಕೂ ಕೊರೆಯುತ್ತಿತ್ತು.

ಮನೆಗೆ ಬಂದವಳು ಅನ್ನ ಕಲಸಿ, ಮಂಚದ ಹತ್ತಿರ ಇಟ್ಟು, "ಊಟ" ಅಂದಳು. ಅಷ್ಟೇ. ಆಮೇಲೆ ಬೆನ್ನು ತಿರುಗಿಸಿ ಕೂತಳು. ಬೀದಿಯಲ್ಲಿ ಜಟಕಾ ಒಂದು ಹಾದುಹೋಯಿತು. ಕಾಲು ಜೋಮು ಹಿಡಿಯಿತು, ಅವಳು ಅಲುಗಲಿಲ್ಲ. ತುಂಬ ಹೊತ್ತಾದ ಮೇಲೆ ಗೋಣಿತಾಟು ಸರಿದ ಸದ್ದು. ಆಮೇಲೆ ನಾಲಗೆ ತಟ್ಟೆಗೆ ಬಡಿದ ಸದ್ದು, ಒಮ್ಮೆ ನಿಂತು, ಮತ್ತೆ.

ಮುಂದಿನ ಭಾನುವಾರ ಚಂದ್ರಶೇಖರಪ್ಪ ಬಂದಾಗ ಅವಳು ನೆಲದ ಮೇಲೆ ಕೂತು ಮಣಿಯ ಕಾಲಿಗೆ ಎಣ್ಣೆ ನೀವುತ್ತಿದ್ದಳು. ಅವನು ಹೊಸಿಲಲ್ಲೇ, ಎಂದಿನ ಅಭ್ಯಾಸಬಲದಿಂದ, "ಅಕ್ಕಾ, ಅಡಿ..." ಅಂದ.

ಅವಳು ಎಣ್ಣೆಗೈ ಎತ್ತಿ ತಡೆದಳು. ಅವನು ಉಳಿದರ್ಧ ನುಂಗಿಕೊಂಡು, ಕಳ್ಳನ ಹಾಗೆ ಪಿಸುಗುಟ್ಟಿದ: "ಊಟಕ್ಕೇನು?"

"ಅದನ್ನ ಜೋರಾಗೇ ಕೇಳು ಮಾರಾಯ," ಅಂದಳು ಶಂಕರಮ್ಮ, ಮನೆಯೆಲ್ಲ ಕೇಳುವ ತನ್ನ ಒಡಕು ದನಿಯಲ್ಲಿ.

ಮಣಿ ತಲೆ ಎತ್ತಿ ಅವಳನ್ನು ನೋಡಿತು. ಮತ್ತೆ ಅವಳ ಸೆರಗಿನ ಮೇಲೇ ಗದ್ದ ಊರಿ ಕಣ್ಣು ಮುಚ್ಚಿತು.