ಮೊದಲು ಐಬು

ಗುಂಪಿಗೆ ಸೇರುವವರು ತಮ್ಮ ಪರಿಚಯವನ್ನು ತಾವೇ ಬರೆಯಬೇಕು, ಮನೆಯವರು ಬರೆದರೆ ನಡೆಯುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಹಾಕಿದ್ದರು. ಹರಾಜಿನವನ ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅದನ್ನು ಓದಿದಳು. ಮೊಬೈಲಿನ ಗಾಜನ್ನು ತೋಳಿಗೆ ಒರೆಸಿ ಮತ್ತೊಮ್ಮೆ ಓದಿದಳು. ಅಕ್ಷರ ಬದಲಾಗಿರಲಿಲ್ಲ.

ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿಕೊಂಡವರ ಗುಂಪು ಅದು. ಮಾತು ಹೋದವರು ಅಲ್ಲಿ ಬೆರಳಿನಲ್ಲೇ ಹರಟುತ್ತಾರಂತೆ. ಗಂಡನ ಕತ್ತಿನ ಗಾಯದ ಪಟ್ಟಿ ಬದಲಿಸಲು ಬರುವ ನರ್ಸಮ್ಮ ತಾನೇ ಹುಡುಕಿ ಮೊಬೈಲಿಗೆ ಹಾಕಿಕೊಟ್ಟಿದ್ದಳು. ಹೋಗುವಾಗ ಬಾಗಿಲ ಹೊರಗೆ ನಿಂತು ದನಿ ತಗ್ಗಿಸಿದ್ದಳು.

"ಅಮ್ಮಾ, ಗಾಯ ಚೆನ್ನಾಗಿ ಮಾಗಿದೆ. ಆದ್ರೆ ಹೊಟ್ಟೆಗೇ ಬೀಳದಿದ್ರೆ ಏನು ಮಾಡೋಕಾಗುತ್ತೆ? ನಾಳೆನೂ ಹೀಗೇ ಆದ್ರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ. ಯಜಮಾನ್ರು ಅದನ್ನ ಇಟ್ಕೊಳ್ತಾರಾ?"

ಇಟ್ಟುಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೋದ ಸಲ ಅವನೇ ಅದನ್ನು ಕಿತ್ತು ಬಿಸಾಕಿದ್ದ. ನಿನ್ನೆಯಿಂದ ನೀರನ್ನೂ ತುಟಿಗೆ ಮುಟ್ಟಿಸಿಕೊಂಡು ಕೆಳಗಿಡುತ್ತಿದ್ದ.

ಹಿತ್ತಿಲಾಚೆ ದನದ ಸಂತೆಯ ಬಯಲು. ಅವತ್ತು ಸಂತೆ. ಬೇಲಿಯ ಸಂದಿನಿಂದ ಸಗಣಿಯ, ತುಳಿದ ಹುಲ್ಲಿನ ವಾಸನೆ ಬರುತ್ತಿತ್ತು. ಹೊಸ ಹರಾಜಿನವನು ಮೈಕು ಹಿಡಿದು ಕೂಗುತ್ತಿದ್ದ. ಅವಳ ಗಂಡನಿಗೆ ಎಂದೂ ಮೈಕು ಬೇಕಾಗಿರಲಿಲ್ಲ. ಅದಕ್ಕೇ ಸಂತೆಯವರು ಅವನನ್ನು ಗಂಟೆಯಣ್ಣ ಎನ್ನುತ್ತಿದ್ದರು.

ಎದ್ದು ಒಳಗೆ ಹೋದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕತ್ತಿನ ತೂತಿನ ಮೇಲಿನ ತೆಳು ಬಟ್ಟೆ ಉಸಿರಿಗೆ ಏರಿಳಿಯುತ್ತಿತ್ತು. ಸ್ಟೂಲಿನ ಮೇಲಿಟ್ಟ ಗಂಜಿ ಕೆನೆಗಟ್ಟಿತ್ತು.

"ರೀ, ನಿಮ್ಮಂಥೋರೇ ಇದ್ದಾರೆ ಇದ್ರಲ್ಲಿ. ನಾಲ್ಕು ಸಾಲು ಬರೀರಿ, ಸಾಕು."

ಅವನು ಅಲುಗಲಿಲ್ಲ. ಅವಳು ಮೊಬೈಲನ್ನು ಕೈಗೆ ತುರುಕಲು ಹೋದಾಗ ಕಾಲು ಝಾಡಿಸಿದ. ಕಾಲು ಸ್ಟೂಲಿಗೆ ತಗುಲಿ ಗಂಜಿ ಅವಳ ಕೈಮೇಲೆ ಚೆಲ್ಲಿತು. ಆರಿದ್ದರಿಂದ ಸುಡಲಿಲ್ಲ.

ಅಡುಗೆಮನೆಯಲ್ಲಿ ಅವನ ಅಕ್ಕ ಹೊಸ ಗಂಜಿ ಕದಡುತ್ತಿದ್ದಳು. ತಮ್ಮನನ್ನು ನೋಡಲು ಬಂದು ಉಳಿದುಕೊಂಡವಳು.

"ಒದ್ದನೇನೇ?"

"ಒದೀಲಿಲ್ಲ ಅಕ್ಕ. ಕಾಲು ತಗುಲ್ತು."

"ಇವತ್ತೂ ಗಂಡನ್ನ ಬಿಟ್ಟುಕೊಡಲ್ವಲ್ಲೇ ನೀನು! ಎದುರಿಗೆ ಕೂತು ಗೋಗರೆದ್ರೆ ಅವನು ಇನ್ನೂ ಕೊಬ್ತಾನೆ. ಇಟ್ಟು ಆಚೆ ಬಂದ್ಬಿಡು ಅಂತ ಮೊದಲ ದಿನದಿಂದ್ಲೂ ಹೇಳ್ತಿದೀನಿ."

"ಹಾಗೇ ಮಾಡ್ತಿದೀನಲ್ಲ ಅಕ್ಕ. ಇಟ್ಟು ಹಿತ್ತಿಲಿಗೆ ಹೋಗ್ತೀನಿ. ಬರೋ ಹೊತ್ತಿಗೆ ಇಟ್ಟದ್ದು ಇಟ್ಟಂಗೇ ಇರುತ್ತೆ."

ಅಕ್ಕ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಹಾಗಾದ್ರೆ ನೀನೇ ಬರೆದು ಕಳ್ಸು. ಬಡಕಲು ಹಸೂನ ಬಂಗಾರದ ಗಟ್ಟಿ ಅಂತ ಮಾರೋರ ಮಧ್ಯೆ ಇಷ್ಟು ವರ್ಷ ಬಾಳಿದೀಯ. ಗಂಡನ್ನ ನಾಲ್ಕು ಮಾತಲ್ಲಿ ಹೊಗಳೋಕೆ ಬರಲ್ವಾ?"

ಅವಳು ಬರೆದಳು. 'ನಾನು ದನದ ಸಂತೆಯ ಹರಾಜುಗಾರ. ಧೈರ್ಯವಂತ, ಶ್ರಮಜೀವಿ. ಎಲ್ಲರೊಂದಿಗೆ ನಗುನಗುತ್ತ ಬೆರೆಯುವ ಸ್ವಭಾವ. ಆರೋಗ್ಯ ದಿನದಿನಕ್ಕೆ ಸುಧಾರಿಸುತ್ತಿದೆ.' ಕೊನೆಯ ಸಾಲು ಬರೆಯುವಾಗ ಕಣ್ಣು ಮಂಜಾಯಿತು. ಕಳಿಸಿಬಿಟ್ಟಳು.

ಗುಂಪು ನೋಡಿಕೊಳ್ಳುವಾಕೆಯ ಉತ್ತರ ಬೇಗನೆ ಬಂತು. 'ಕ್ಷಮಿಸಿ, ಇದು ಮನೆಯವರು ಬರೆದದ್ದು ಅನಿಸುತ್ತದೆ. ನಿಮ್ಮ ಸಂಕಟ ಗೊತ್ತಾಗುತ್ತದೆ. ಆದರೂ ಅವರೇ ಬರೆಯಲಿ, ಒಂದು ಸಾಲಾದರೂ ಸರಿ.'

ಎಲ್ಲ ಬಾಗಿಲೂ ತಟ್ಟಿಯಾಗಿತ್ತು. ಒಳಗೆ ಹೋಗಿ ಮಂಚದ ಕಾಲಿಗೊರಗಿ ನೆಲದ ಮೇಲೆ ಕೂತು, ಬರೆದದ್ದನ್ನು ಅಳುತ್ತಲೇ ಗಟ್ಟಿಯಾಗಿ ಓದಿದಳು. "ಧೈರ್ಯವಂತ ಅಂತೆ! ನಗುನಗುತ್ತ ಬೆರೀತಾನಂತೆ! ನಿಮ್ಮ ಹೆಸರಲ್ಲಿ ಬರೆದು ಕಳಿಸ್ದೆ ಕಣ್ರೀ. ಬೇಡ ಅಂದ್ರು. ಇನ್ನೇನು ಮಾಡ್ಲಿ ಹೇಳಿ. ಸಾಯ್ಬೇಕು ಅಂತ್ಲೇ ಇದ್ರೆ ಅದನ್ನಾದ್ರೂ ಬರೆದು ತೋರಿಸಿ."

ಮಂಚ ಕಿರುಗುಟ್ಟಿತು. ಅವನು ಎದ್ದು ಕೂತಿದ್ದ. ಮುಖ ಕೆಂಪಗಾಗಿತ್ತು, ಕತ್ತಿನ ಬಟ್ಟೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಮೊಬೈಲ್ ಕಿತ್ತುಕೊಂಡು, ಅವಳ ಬರಹಕ್ಕೆ ಬೆರಳು ಕುಟ್ಟಿ, ಬೇಲಿಯ ಕಡೆ ಕೈ ತೋರಿಸಿದ. ಅವಳಿಗೆ ಅರ್ಥವಾಯಿತು. ಅಕ್ಕ ಏನೇ ಅಂದರೂ, ಆ ಸಂತೆಯಲ್ಲಿ ದನವನ್ನು ಹರಾಜುಕಟ್ಟೆಗೆ ತಂದರೆ ಮೊದಲು ಐಬು ಕೂಗಬೇಕು. ಒದೆಯುತ್ತದೆಯೋ, ಒಂದು ಮೊಲೆ ಬತ್ತಿದೆಯೋ, ಕಣ್ಣಿಗೆ ಪೊರೆ ಬಂದಿದೆಯೋ, ಎಲ್ಲ ಹೇಳಿದ ಮೇಲೇ ಗುಣ. ಗುಣದಿಂದ ಶುರು ಮಾಡಿದವನ ಮಾತಿಗೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ತನ್ನ ಹೆಸರಿನಲ್ಲಿ ಬರೀ ಗುಣ ಕೂಗಿದ್ದಕ್ಕೆ ಅವನಿಗೆ ಮೈ ಉರಿದಿತ್ತು.

ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಬರೆದ. ಅವಳು ಭುಜದ ಮೇಲಿಂದ ಓದಿದಳು.

'ಐಬು. ಕತ್ತಿನಲ್ಲಿ ತೂತು. ದನಿ ಇಲ್ಲ. ಮೈ ಇಳಿದಿದೆ. ಹತ್ತಿರ ಬಂದವರಿಗೆ ಒದೆಯುತ್ತದೆ. ಮೇವು ಬಿಟ್ಟಿದೆ.'

ಆಮೇಲೆ 'ಗುಣ' ಎಂದು ಬರೆದ. ಬೆರಳು ಗಾಜಿನ ಮೇಲೆ ಹಾಗೇ ನಿಂತಿತು. ಅವಳು, "ನಾನು ಹೇಳ್ತೀನಿ, ಬರೀರಿ" ಎಂದಾಗ ಬೇಡವೆಂದು ತಲೆಯಾಡಿಸಿದ. ಆ ಮಾತನ್ನು ಅಳಿಸಿ ಉಳಿದದ್ದನ್ನು ಕಳಿಸಿದ. ಮೊಬೈಲನ್ನು ಹಾಸಿಗೆಗೆ ಎಸೆದು ಮತ್ತೆ ಗೋಡೆಯ ಕಡೆ ತಿರುಗಿದ.

ಸೇರಿಸಿಕೊಂಡೆವು ಎಂದು ಬಂತು. ಹಿಂದೆಯೇ ನಮಸ್ಕಾರಗಳ ಸಾಲು. ಅವಳು ಒಂದೊಂದನ್ನೇ ಅವನ ಬೆನ್ನಿಗೆ ಓದಿ ಹೇಳಿದಳು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಸ್ ಕಂಡಕ್ಟರ್ ಆಗಿದ್ದೆ ಎಂದು ಹೇಳಿಕೊಂಡವನೊಬ್ಬ ಬರೆದಿದ್ದ: 'ಟಿಕೆಟ್ ಟಿಕೆಟ್ ಅಂತ ಕೂಗಿಯೇ ಸವೆಸಿದ ಗಂಟಲು ನಂದು. ಅಣ್ಣಾ, ಮೇವು ಬೇಡ ಅನಿಸಿ ಬಿಟ್ಟೆಯಾ, ಹೆದರಿ ಬಿಟ್ಟೆಯಾ?'

ಅವನ ಬೆನ್ನು ಬಿಗಿಯಿತು. ತಿರುಗದೆಯೇ ಕೈ ಹಿಂದಕ್ಕೆ ಚಾಚಿದ. ಅವಳು ಮೊಬೈಲ್ ಇಟ್ಟಳು. ಬರೆದು, ಅಳಿಸಿ, ಮತ್ತೆ ಬರೆದ. ಕಳಿಸಿದ ಮೇಲೆ ಅದನ್ನು ಅವಳಿಗೂ ಕಾಣುವ ಹಾಗೆ ಹಿಡಿದ.

'ಹೆದರಿ. ನುಂಗಿದ್ದು ನಡುವೆ ನಿಲ್ಲುತ್ತದೆ. ಸಿಕ್ಕಿಕೊಂಡರೆ ಕೂಗಿ ಕರೆಯಲು ಆಗುವುದಿಲ್ಲ. ಇವಳು ಗಂಜಿ ಇಟ್ಟು ಹಿತ್ತಿಲಿಗೆ ಹೋಗುತ್ತಾಳೆ.'

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹಠ ಎಂದುಕೊಂಡಿದ್ದಳು. ಸಾಯಲು ಮನಸ್ಸು ಮಾಡಿದ್ದಾನೆ ಎಂದುಕೊಂಡಿದ್ದಳು. ಎದುರಿಗಿದ್ದರೆ ತಿನ್ನುವುದಿಲ್ಲ ಎಂದು ತಾನೇ ಎದ್ದೆದ್ದು ಹೋಗಿದ್ದಳು.

ಕಂಡಕ್ಟರ್ ಮತ್ತೆ ಬರೆದ: 'ನನಗೂ ಹಾಗೇ ಆಗ್ತಿತ್ತು. ನುಂಗೋವಾಗ ಪಕ್ಕದಲ್ಲಿ ಇರೋಕೆ ಹೇಳು. ನರ್ಸಮ್ಮನಿಗೂ ತಪ್ಪದೆ ಹೇಳು.'

ಅಕ್ಕ ಬಿಸಿ ಗಂಜಿ ತಂದಿಟ್ಟಳು. "ಬಾರೇ ಆಚೆ" ಎಂದಳು.

"ಇಲ್ಲ ಅಕ್ಕ. ನಾನಿಲ್ಲೇ ಇರ್ತೀನಿ."

ಮಂಚದ ಮೇಲೆ ಅವನಿಗೆ ಒತ್ತಿಕೊಂಡು ಕೂತಳು. ಚಮಚದ ತುದಿಯಲ್ಲಿ ಒಂದಿಷ್ಟು ಎತ್ತಿ ಬಾಯಿಗೆ ಹಿಡಿದಳು. ಅವನು ಬಾಯಿಗೆ ತೆಗೆದುಕೊಂಡು, ನುಂಗುವ ಮುಂಚೆ ಅವಳ ಮುಂಗೈ ಹಿಡಿದ. ಕಣ್ಣುಗಳು ಅಗಲವಾದವು. ಉಗುರುಗಳು ಚರ್ಮಕ್ಕೆ ಇಳಿದವು. ಗಂಜಿ ಇಳಿಯಿತೋ, ನಡುವೆ ನಿಂತಿತೋ, ಅವಳಿಗೆ ತಿಳಿಯಲಿಲ್ಲ. ಕತ್ತಿನ ಬಟ್ಟೆಯನ್ನೇ ನೋಡುತ್ತ ತಾನೂ ಉಸಿರು ಬಿಗಿಹಿಡಿದಳು. ಬಟ್ಟೆ ಏರಿತು. ಇಳಿಯಿತು. ಮತ್ತೆ ಏರಿತು.

"ಹೋಯ್ತಾ?"

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಹೌದೆಂದೋ, ಸಾಕೆಂದೋ. ಎರಡನೆಯ ಚಮಚಕ್ಕೆ ಬಾಯಿ ತೆರೆಯಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ.