ಬೇವು ಕಟ್ಟದ ಬಾಗಿಲು

ದೇವರನ್ನು ನಂಬುವವರು ಪೂರ್ತಿ ನಂಬಬೇಕು, ಡಾಕ್ಟರನ್ನು ನಂಬುವವರೂ ಪೂರ್ತಿ ನಂಬಬೇಕು. ನಂದೊಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ದುರ್ಗಕ್ಕ ಎರಡನ್ನೂ ಅರ್ಧರ್ಧ ನಂಬಿದಳು. ಅದರ ಫಲ ಉಣ್ಣುತ್ತಿರುವುದು ನನ್ನ ಎಂಟು ತಿಂಗಳ ಕೂಸು ರಕ್ಷಿತಾ.

ದಡಾರದ ಮೊದಲ ಚುಚ್ಚುಮದ್ದು ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಸುತ್ತಲಿನ ದೊಡ್ಡ ಮಕ್ಕಳು ಹಾಕಿಸಿಕೊಂಡಿದ್ದರಷ್ಟೇ ಕೂಸಿಗೆ ಕಾವಲು. ದುರ್ಗಕ್ಕನ ಮಗ ಪ್ರಥಮನಿಗೆ ಮೂರು ವರ್ಷವಾದರೂ ಒಂದೂ ಹಾಕಿಸಿರಲಿಲ್ಲ. ನರ್ಸಮ್ಮ ಬಂದಾಗಲೆಲ್ಲ ಅವನನ್ನೆತ್ತಿಕೊಂಡು ಗದ್ದೆಗೆ ಓಡುತ್ತಿದ್ದಳು. "ಸೂಜಿ ಹಾಕಿದ್ರೆ ಜ್ವರ ಬರ್ತದೆ ಮಾರಾಯ್ತಿ, ಯಾರಿಗೆ ಬೇಕು?" ಎನ್ನುತ್ತಿದ್ದಳು.

ಕಳೆದ ತಿಂಗಳು ಅವನಿಗೇ ದಡಾರ ಎದ್ದಿತು. ನಮ್ಮಲ್ಲಿ ಹೀಗೆ ಮೈಮೇಲೆ ಗುಳ್ಳೆ ಎದ್ದು ಮನೆಗೆ ಅಮ್ಮ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಕಂಡವರು ಹೊಸಿಲು ದಾಟುವುದಿಲ್ಲ. ಈ ಪುಣ್ಯಾತ್ಗಿತ್ತಿ ಕಟ್ಟಲಿಲ್ಲ. ನರ್ಸಮ್ಮ ಕಂಡರೆ ಬೈಯುತ್ತಾಳೆಂದು ಸೊಪ್ಪನ್ನು ಮಗನ ಹಾಸಿಗೆಯ ಕೆಳಗಿಟ್ಟಳಂತೆ! ಗೊತ್ತಿಲ್ಲದ ನಮ್ಮ ಅತ್ತೆ ಶಾರದವ್ವ ಕೂಸನ್ನು ಸೊಂಟದ ಮೇಲಿಟ್ಟುಕೊಂಡು, ಆ ಮನೆಯಲ್ಲಿ ಕುಳಿತು ಹರಟೆ ಹೊಡೆದು ಬಂದರು.

ಎರಡು ವಾರದೊಳಗೆ ಕೂಸಿಗೆ ಜ್ವರ, ಕೆಂಗಣ್ಣು, ಆಮೇಲೆ ಮೈತುಂಬ ಗುಳ್ಳೆ. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಯಲ್ಲಾಪುರದ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು.

"ಆ ಮನೆಗೆ ಹೋಗಿ ಮೂರು ದಿನದೊಳಗೆ ಬಂದಿದ್ರೆ ಇಷ್ಟು ಸಣ್ಣದಕ್ಕೂ ಲಸಿಕೆ ಕೊಡ್ಬಹುದಿತ್ತಲ್ಲಮ್ಮ," ಎಂದರು ಡಾಕ್ಟರು.

ಗೊತ್ತಾಗಿದ್ದರಲ್ಲವೇ ಬರುವುದು! ಊರಿಗೆ ಹೋದವಳೇ ದುರ್ಗಕ್ಕನ ಜುಟ್ಟು ಹಿಡಿಯಬೇಕು ಎಂದುಕೊಂಡೆ.

ಅಷ್ಟರಲ್ಲಿ ನೆನಪಾಯಿತು. ನಿನ್ನೆ ಹಿತ್ತಲಾಚೆಯ ಗಂಗೆ ತನ್ನ ಏಳು ತಿಂಗಳ ಶಶಾಂಕನನ್ನು ತಂದು ನಮ್ಮ ಕೂಸಿನ ಪಕ್ಕದಲ್ಲೇ ಮಲಗಿಸಿದ್ದಳು. ನಮ್ಮ ಕೂಸಿಗೆ ಆಗಿನ್ನೂ ಗುಳ್ಳೆ ಎದ್ದಿರಲಿಲ್ಲ; ಹಲ್ಲು ಬರುವ ಜ್ವರ ಎಂದು ನಾನೇ ಅವಳಿಗೆ ಹೇಳಿದ್ದೆ.

ಫೋನು ತೆಗೆದೆ. ಜೊತೆಗೆ ಬಂದಿದ್ದ ಅತ್ತೆ ಕೈ ಹಿಡಿದುಕೊಂಡರು. "ಸುಮ್ನಿರೇ ರೋಹಿಣಿ. ಗಂಗೆಯ ಕೂಸಿಗೆ ಎಂತದೂ ಆಗೂದಿಲ್ಲ. ಹೇಳಿದ್ರೆ ಊರೆಲ್ಲ ನಮ್ಮನ್ನೇ ಬೈತದೆ."

"ದುರ್ಗಕ್ಕನೂ ಹಿಂಗೇ ಅಂದ್ಕೊಂಡಿದ್ಳು ಅತ್ತೆ," ಎಂದು ಕೈ ಬಿಡಿಸಿಕೊಂಡೆ.

ಗಂಗೆ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ನಿನ್ ಬಾಗ್ಲಿಗೂ ಬೇವು ಇರ್ಲಿಲ್ಲಲ್ಲೇ ಅಕ್ಕಾ," ಎಂದಳು.

ಮೂರು ದಿನದೊಳಗೆ ಲಸಿಕೆ ಹಾಕಿಸಬೇಕು, ಇವತ್ತೇ ಆಸ್ಪತ್ರೆಗೆ ಬಾ ಎಂದೆ.

ಸಂಜೆಯೊಳಗೆ ಶಶಾಂಕನನ್ನೆತ್ತಿಕೊಂಡು, ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡೇ ಬಂದಳಂತೆ. ಬೈಯಲಿ. ಬಂದಳಲ್ಲ.